ತೊಗರಿ ಹಾಸಿದ ರಸ್ತೆ

ಗೆಲ್ಲುವ ಡ್ರೈವರ್ ಒಬ್ಬರ ಪಕ್ಕ ನಾನು ಕುಳಿತದ್ದು ಒಂದೇ ಸಲ. ಅದೂ ನಮ್ಮಣ್ಣನ ಕಾರಿನಲ್ಲಿ, ನಮ್ಮಣ್ಣ ಹೊರಗೆ ನಿಂತು ಮೊಬೈಲಿನಲ್ಲಿ ಸಮಯ ಹಿಡಿಯುತ್ತಿದ್ದಾಗ.

ದೇವದುರ್ಗದ ಆಚೆ, ಹತ್ತಿ ಬಿಡಿಸಿ ಕಟ್ಟಿಗೆ ಕಿತ್ತು ಬಯಲಾಗಿದ್ದ ಒಂದು ಹೊಲವನ್ನು ರ‍್ಯಾಲಿ ನಡೆಸುವವರು ಅಭ್ಯಾಸಕ್ಕೆಂದು ಹಿಡಿದಿದ್ದರು. ಮಣ್ಣಿನ ದಾರಿಯ ಮೇಲೆ ಕಾರು ಓಡಿಸುವ ಸ್ಪರ್ಧೆ ಅದು. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಒಂದು ಕಾರು ಹೋಗಿ ಎರಡು ನಿಮಿಷಕ್ಕೆ ಇನ್ನೊಂದು. ದಾರಿಯನ್ನು ಯಾರು ಬೇಗ ಮುಗಿಸುತ್ತಾರೋ ಅವರದು ಗೆಲುವು. ಪ್ರತಿ ಕಾರಿನಲ್ಲಿ ಇಬ್ಬರಿರಬೇಕು. ಒಬ್ಬರು ಓಡಿಸುವವರು. ಇನ್ನೊಬ್ಬರು ಹಾಳೆ ನೋಡಿ ಮುಂದಿನ ತಿರುವು ಯಾವ ಕಡೆ, ಎಷ್ಟು ಬಿಗಿ ಎಂದು ಓದಿ ಹೇಳುವವರು. ತಿರುವಿಗೆ ಅಂಕಿ ಇರುತ್ತದೆ. ಒಂದು ಎಂದರೆ ಕಾರು ಹೆಚ್ಚುಕಡಿಮೆ ನಿಂತೇ ಹೊರಳಬೇಕು, ಆರು ಎಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತುವುದೇ ಬೇಡ. ನಮ್ಮ ಕಾರಿನಲ್ಲಿ ಓಡಿಸುವವನು ಅಣ್ಣ, ಓದುವವಳು ನಾನು.

ಓದುವ ಕೆಲಸ ನನಗೆ ಬಂದದ್ದು ಸಹಜವೇ. ಕುರಿ ಕಾಯುವವರ ಮನೆಯಲ್ಲಿ ಮೊದಲ ಪದವಿ ನನ್ನದು. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಎರಡು ಬಸ್ಸು ಬದಲಿಸಿ, ಬಹಳಷ್ಟು ದಿನ ನಿಂತುಕೊಂಡೇ ಹೋಗಿ ಫಿಸಿಕ್ಸಿನಲ್ಲಿ ಎಂ.ಎಸ್ಸಿ. ಮುಗಿಸಿದೆ. ಈಗ ರಾಯಚೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಸುಮ್ಮನೆ ಸಿಕ್ಕದ್ದಲ್ಲ. ಬಸ್ಸು ತಪ್ಪಿದ ದಿನ, ಪರೀಕ್ಷೆಯ ದಿನ, ಅಣ್ಣ ತನ್ನ ಪ್ಯಾಸೆಂಜರ್ ಜೀಪಿನ ಮುಂದಿನ ಸೀಟನ್ನು ಯಾರಿಗೂ ಕೊಡದೆ ನನಗೆಂದು ಇಡುತ್ತಿದ್ದ. ಆ ಸೀಟಿನಲ್ಲಿ ಕುಳಿತೇ ನಾನು ಅರ್ಧ ಪದವಿ ಓದಿದ್ದು. ಹೀಗಾಗಿ ಅವನು ಹಳೆಯ ಕಾರೊಂದನ್ನು ಕೊಂಡು, ಸ್ಟೇಷನ್ ಕಡೆಯ ವರ್ಕ್‌ಶಾಪಿನಲ್ಲಿ ಒಳಗೆ ಕಬ್ಬಿಣದ ಪೈಪಿನ ಗೂಡು ಬೆಸೆಯಿಸಿ, "ತಂಗಿ, ಓದಾಕ ಒಬ್ರು ಬೇಕು" ಎಂದಾಗ ನಾನು ಇಲ್ಲ ಎನ್ನಲಿಲ್ಲ.

ಅಣ್ಣ ಒಳ್ಳೆಯ ಡ್ರೈವರ್. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಪ್ಪಾಗಿ ಕೇಳುತ್ತದೆ. ದೇವದುರ್ಗ–ರಾಯಚೂರು ರಸ್ತೆಯಲ್ಲಿ ಅವನಷ್ಟು ಚುರುಕಾಗಿ, ಅವನಷ್ಟು ಕಡಿಮೆ ಗೀರು ಬೀಳಿಸಿಕೊಂಡು ಗಾಡಿ ಓಡಿಸುವವರು ಕಡಿಮೆ. ಅಭ್ಯಾಸದ ಆ ಶನಿವಾರ ನಮ್ಮ ಭಾಗದವರಲ್ಲಿ ಅವನದೇ ಬೇಗದ ಸುತ್ತು.

ಅಲ್ಲಿಗೆ ಕಾಫಿ ಸೀಮೆಯಿಂದ ಒಬ್ಬರು ಬಂದಿದ್ದರು. ದೊಡ್ಡ ದೊಡ್ಡ ರ‍್ಯಾಲಿಗಳನ್ನು ಗೆದ್ದವರು ಎಂದು ಎಲ್ಲರೂ ಅವರ ಸುತ್ತ ಸುಳಿಯುತ್ತಿದ್ದರು. ನೋಡಿದರೆ ನಡುವಿಗೆ ಬೆಲ್ಟ್ ಕಟ್ಟಿಕೊಂಡ, ತಲೆ ನರೆತ ಮನುಷ್ಯ. ಬ್ಯಾಂಕಿನಲ್ಲಿ ಕ್ಯೂ ನಿಂತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಣ್ಣ ಅವರನ್ನು ಬಿಡಲಿಲ್ಲ. "ಸರ್, ನನ್ನ ಗಾಡಿ ಒಂದ್ ಸುತ್ತು ಹೊಡೀರಿ. ಗಾಡಿ ತಪ್ಪೋ, ನನ್ನ ತಪ್ಪೋ ನೋಡೂಣು" ಎಂದ. ಅವರು ನಕ್ಕು, ನನ್ನನ್ನು ಇಳಿಯಬೇಡ ಎಂದು ಕೈ ಮಾಡಿ, ಸೀಟು ಮುಂದೆ ಎಳೆದುಕೊಂಡು ಕುಳಿತರು.

ಮೊದಲ ತಿರುವಿನಲ್ಲಿ ನನಗನ್ನಿಸಿದ್ದು, ಇವರು ಹೆದರುತ್ತಾರೆ ಎಂದು. ಅಣ್ಣ ಬ್ರೇಕ್ ಒತ್ತುವ ಜಾಗಕ್ಕಿಂತ ಬಹಳ ಮೊದಲೇ ಅವರು ಒತ್ತಿದರು, ಅದೂ ಮೆತ್ತಗೆ, ಬಾಗಿಲು ಮುಂದೆ ಮಾಡಿದ ಹಾಗೆ. ತಿರುವು ಬಂದಾಗ ಅವರಿಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಕಾರು ಆಗಲೇ ಹೊರಳಿತ್ತು, ಮೂತಿ ಮುಂದಿನ ನೇರದ ಕಡೆಗಿತ್ತು, ಅವರ ಕಾಲು ಆಗಲೇ ಕೆಳಗಿತ್ತು. ಅಣ್ಣ ಎಲ್ಲವನ್ನೂ ತಿರುವಿನ ಒಳಗೆ ಮಾಡುತ್ತಾನೆ. ಬ್ರೇಕು, ಗೇರು, ಸ್ಟೇರಿಂಗು, ಬೈಗುಳ, ಎಲ್ಲ ಅಲ್ಲೇ. ಅವನ ಪಕ್ಕ ಕುಳಿತರೆ ಭರ್ಜರಿ ವೇಗ ಎನ್ನಿಸುತ್ತದೆ. ಇವರ ಪಕ್ಕ ಕುಳಿತರೆ ಸಂತೆಗೆ ಹೊರಟಂತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ಅವರು ಮಾತಾಡುತ್ತಿದ್ದರು.

"ಆ ಕಡೆ ಕಟ್ಟು ಕಟ್ಟಿ ನಿಲ್ಸಿದ್ದಾರಲ್ಲ, ಅದೇನಮ್ಮ ಬೆಳೆ?"

"ತೊಗರಿ ರೀ."

"ಆ ಜಾಲಿ ಹಿಂದೆ ಆಡು ಕಟ್ಟಿದ್ದಾರೆ, ಹಗ್ಗ ಉದ್ದ ಇದೆ. ಯಾರಿಗಾದ್ರೂ ಹೇಳಿ, ಓಡಿ ಬಂದ್ಬಿಡತ್ತೆ."

ಆ ಹೊಲದಲ್ಲಿ ಬೆಳಿಗ್ಗೆಯಿಂದ ಇದ್ದ ನಾನು ಆಡನ್ನು ನೋಡಿರಲಿಲ್ಲ. ಅವರು ಅಂಥ ಓಟದಲ್ಲಿ, ಅಂಥ ದೂಳಿನಲ್ಲಿ, ಹಗ್ಗದ ಉದ್ದವನ್ನು ನೋಡಿದ್ದರು. ಕಾರು ನಿಂತಾಗ ಅವರ ಅಂಗಿ ಒಣಗಿಯೇ ಇತ್ತು. ಅಣ್ಣ ಒಂದು ಸುತ್ತು ಮುಗಿಸಿ ಇಳಿದರೆ ಬೆನ್ನಿಗೆ ಬನಿಯನ್ ಅಂಟಿಕೊಂಡಿರುತ್ತದೆ.

ಅಣ್ಣ ಓಡಿ ಬಂದು ಮೊಬೈಲು ತೋರಿಸಿದ. ಅವನ ಅತ್ಯುತ್ತಮ ಸುತ್ತಿಗಿಂತ ಅವರದು ಬೇಗ. ಅವನ ಮುಖ ಸ್ವಲ್ಪ ಇಳಿಯಿತು, ಕೂಡಲೇ ಚೇತರಿಸಿಕೊಂಡ. "ಭಾಳ ಫರಕ್ ಇಲ್ರಿ ಸರ್. ಇನ್ನೊಂದೀಟು ಧೈರ್ಯ ಮಾಡಿದ್ರ ಹಿಡೀತೀನಿ" ಎಂದ.

ಅವರು ಮೊಬೈಲನ್ನು ಅವನ ಕೈಗೆ ವಾಪಸು ಕೊಟ್ಟರು. "ನೀವು ಓಡಿಸಿದ ಕೊನೇ ಸುತ್ತಲ್ಲಿ ಏನೇನಾಯ್ತು, ಒಂದ್ಸಲ ಹೇಳಿ" ಎಂದರು. ಅಣ್ಣ ಹೇಳತೊಡಗಿದ. ಒಂದು ಕಡೆ ಹಿಂದಿನ ಗಾಲಿ ಜಾರಿದ್ದು, ಇನ್ನೊಂದು ಕಡೆ ಗೇರು ಬೀಳದೆ ಕಿರಕಿರಿಯಾದದ್ದು. ಅಷ್ಟೇ. ಉಳಿದದ್ದು ಅವನ ತಲೆಯಲ್ಲಿರಲಿಲ್ಲ. ಆಮೇಲೆ ಅವರು ತಮ್ಮ ಸುತ್ತನ್ನು ಹೇಳಿದರು: ಎಲ್ಲಿ ಮಣ್ಣು ಸಡಿಲವಾಗಿತ್ತು, ಎಲ್ಲಿ ಹತ್ತಿ ಕಟ್ಟಿಗೆಯ ಬುಡ ಉಳಿದಿತ್ತು, ಎಲ್ಲಿ ನಾನು ಸೀಟಿನ ಅಂಚು ಹಿಡಿದುಕೊಂಡೆ. ಮನೆಗೆ ಬಂದವರಿಗೆ ಅಂಗಳ ತೋರಿಸಿದ ಹಾಗೆ ಹೇಳಿದರು.

ಅಣ್ಣ ನೀರು ತರಲು ಹೋದಾಗ ಅವರು ನನ್ನ ಕಡೆ ತಿರುಗಿದರು.

"ನಿಮ್ಮಣ್ಣ ಚೆನ್ನಾಗಿ ಓಡಿಸ್ತಾರೆ ಕಣಮ್ಮ. ಕೈ ಚೆನ್ನಾಗಿದೆ. ಆದ್ರೆ ಇರೋದನ್ನೆಲ್ಲ ಹಾಕಿ ಓಡಿಸ್ತಾರೆ."

"ಹಾಕಬೇಕಲ್ರಿ ಸರ್, ರೇಸ್ ಅಲ್ಲೇನ್ರಿ?"

"ಎಲ್ಲ ಹಾಕಿದ್ರೆ, ಗೊತ್ತಿಲ್ಲದ್ದು ಎದುರಿಗೆ ಬಂದಾಗ ಅದಕ್ಕೆ ಕೊಡೋಕೆ ಏನಿರತ್ತೆ?" ಎಂದರು. ಆಮೇಲೆ "ನಾಳೆ ನೀವೇ ಕೂರ್ತೀರಾ ಪಕ್ಕದಲ್ಲಿ?" ಎಂದು ಕೇಳಿದರು. ಹೂಂ ಎಂದೆ. ಅವರು ತಲೆಯಾಡಿಸಿ, ಕಾರಿನೊಳಗೆ ಬಾಗಿ ನನ್ನ ಸೀಟಿನ ಬೆಲ್ಟನ್ನು ಒಮ್ಮೆ ಎಳೆದು ನೋಡಿದರು. ನನಗೆ ಅದು ಹಿಡಿಸಲಿಲ್ಲ.

ನಾನು ಫಿಸಿಕ್ಸ್ ಕಲಿಸುವವಳು. ಗಾಲಿ ಮತ್ತು ನೆಲದ ನಡುವಿನ ಹಿಡಿತಕ್ಕೆ ಮಿತಿಯಿದೆ ಎಂದು ಹಲಗೆಯ ಮೇಲೆ ಬಾಣ ಎಳೆದು ತೋರಿಸುತ್ತೇನೆ. ಅದೇ ಮಿತಿ ಮನುಷ್ಯನ ಗಮನಕ್ಕೂ ಇರಬಹುದು ಎಂದು ಹಿಂದೆಂದೂ ಯೋಚಿಸಿರಲಿಲ್ಲ. ಆ ಹೊತ್ತಿನಿಂದ ನನಗೆ ಹಿಡಿದುಕೊಂಡ ಭಯ ಅದೊಂದೇ. ಅಣ್ಣನಿಗೆ ದಾರಿ ಗೊತ್ತು, ಕಾರು ಗೊತ್ತು. ಹಾಳೆಯಲ್ಲಿ ಇಲ್ಲದ್ದೇನಾದರೂ ಬಂದರೆ ಅವನಿಗೆ ಅದು ಕಾಣಿಸುವುದೇ ಇಲ್ಲ.

ಅದೇ ದಿನ ಇಳಿಹೊತ್ತಿಗೆ ದಾರಿ ನೋಡಲು ಬಿಟ್ಟರು. ಸ್ಪರ್ಧೆಗೆ ಮುನ್ನ ಆ ದಾರಿಯಲ್ಲಿ ನಿಧಾನಕ್ಕೆ ಎರಡು ಸಲ ಓಡಾಡಿ ತಿರುವುಗಳನ್ನು ಬರೆದುಕೊಳ್ಳಬಹುದು. ಕಾಲುವೆಯ ಏರಿಯ ಮೇಲಿನ ಮೊರಂ ಮಣ್ಣಿನ ರಸ್ತೆ, ಆಮೇಲೆ ಇಳಿಜಾರು, ಆಮೇಲೆ ಒಂದು ಉದ್ದನೆಯ ನೇರ. ಆ ನೇರದ ತುದಿಯಲ್ಲಿ ಒಂದು ದೊಡ್ಡಿ. ದೇವದುರ್ಗದ ಕಡೆ ಹೊಲಗಳ ನಡುವೆ ನಾಲ್ಕಾರು ಮನೆಗಳು ಗುಂಪಾಗಿದ್ದರೆ ಅದನ್ನು ದೊಡ್ಡಿ ಎನ್ನುತ್ತೇವೆ. ದೊಡ್ಡಿಯ ಮುಂದೆ ಮಾತ್ರ ಹೊಸದಾಗಿ ಸಿಮೆಂಟ್ ರಸ್ತೆ ಹಾಕಿದ್ದರು. ಅಲ್ಲಿ ನಾನು ಬರೆದದ್ದು, "ನೇರ, ಉದ್ದ. ಸಿಮೆಂಟ್. ಕೊನೆಗೆ ಬಲ ಐದು." ಹಾಗೆಂದರೆ ಆ ತುಂಡಿನಲ್ಲಿ ಅಣ್ಣನ ಕಾಲು ಮೇಲೇಳುವುದಿಲ್ಲ.

ಬರೆಯಲು ಕಾರು ನಿಲ್ಲಿಸಿದಾಗ ಒಬ್ಬ ಮುದುಕಿ ಕಿಟಕಿಯ ಹತ್ತಿರ ಬಂದಳು. ಸೆರಗು ತಲೆಗೆ ಬಿಗಿದು, ಕೈಯಲ್ಲಿ ಕವೆಕೋಲು.

"ಯವ್ವಾ, ನಾಳಿ ಎಷ್ಟ್ ಗಾಡಿ ಬರ್ತಾವ?"

"ಮೂವತ್ತರ ಮ್ಯಾಲ ಅದಾವಬೇ."

"ಎಲ್ಲಾ ಇದೇ ದಾರಿಗೇನು?"

"ಇದೇ ದಾರಿಗೆ. ಯಾಕ, ನೋಡಾಕ ಬರ್ತಿಯೇನು? ದೂರ ನಿಂದ್ರಬೇಕು ಮತ್ತ."

"ನೋಡಾದೇನದ ಬಿಡು ಅದ್ರಾಗ. ಗಾಲಿ ದಪ್ಪ ಅದಾವೋ, ತೆಳ್ಳಗ ಅದಾವೋ?"

ಅಣ್ಣ ಗಹಗಹಿಸಿ ನಕ್ಕ. "ದಪ್ಪ ಅದಾವಬೇ, ಹುಲಿ ಪಂಜ ಇದ್ದಂಗ ಅದಾವ. ನೀ ಕುಂದರ್ತಿಯೇನು ನಮ್ಮ ಜೋಡಿ?"

"ಕುಂದರಾಕ ನನಗೇನು ಹುಚ್ಚೇನಲೇ? ನಿಮ್ಮಂಥವ್ರಿಗೆ ಕೆಲಸಿಲ್ಲ, ನನಗ ಭಾಳ ಅದ" ಎಂದು ಅವಳು ಕವೆಕೋಲು ಹೆಗಲಿಗೇರಿಸಿ ಹೋದಳು. ನಾವಿಬ್ಬರೂ ದಾರಿಯುದ್ದಕ್ಕೂ ಆ ಮಾತು ನೆನೆದು ನಕ್ಕೆವು.

ಭಾನುವಾರ ಬೆಳಿಗ್ಗೆ ಚಳಿಯಿತ್ತು. ಮೇಲೆ ಕೆಂಪು ದೀಪ ಹೊತ್ತ ಜೀಪೊಂದು ಮೊದಲು ದಾರಿಯುದ್ದಕ್ಕೂ ಹೋಗಿ, ಆ ತುದಿಯಿಂದ ಎಲ್ಲ ಸರಿಯಿದೆ ಎಂದು ಸುದ್ದಿ ಕಳಿಸಿತು. ಆಮೇಲೆ ಕಾಫಿ ಸೀಮೆಯವರು ಹೊರಟರು. ಅವರದು ಮೊದಲ ಕಾರು, ನಮ್ಮದು ನಾಲ್ಕನೆಯದು. ಕಾಯುತ್ತ ಕುಳಿತಾಗ ಅವರ ಎಂಜಿನ್ನಿನ ಸದ್ದು ಕಾಲುವೆಯ ಏರಿಯ ಮೇಲೆ ಬಹಳ ಹೊತ್ತು ಕೇಳುತ್ತಿತ್ತು. ಅದು ಇಳಿಯುವುದು ಬೇಗ, ಏರುವುದೂ ಬೇಗ, ಎಲ್ಲಿಯೂ ಕಿರುಚಲಿಲ್ಲ. ಎರಡನೆಯ, ಮೂರನೆಯ ಕಾರಿನವು ಹಾಗಿರಲಿಲ್ಲ. ಅವು ತುದಿಯವರೆಗೂ ಅಬ್ಬರಿಸಿ, ತಟ್ಟನೆ ನಿಂತು, ಮತ್ತೆ ಅಬ್ಬರಿಸಲು ತಡವರಿಸುತ್ತಿದ್ದವು. ಅಣ್ಣ ಅದನ್ನು ಕೇಳುತ್ತಿರಲಿಲ್ಲ. ಬಾಯೊಳಗೇ ಏನೋ ಹೇಳಿಕೊಳ್ಳುತ್ತ ಸ್ಟೇರಿಂಗನ್ನು ಹಿಂಡುತ್ತಿದ್ದ.

ಧ್ವಜ ಬಿತ್ತು. ನಾನು ಓದಲು ಶುರುಮಾಡಿದೆ.

"ಎಡ ಮೂರು. ಬಲ ನಾಕು, ಬಿಗಿ. ಏರು. ಎಡ ಎರಡು."

ಹೆಲ್ಮೆಟ್ಟಿನ ಒಳಗಿನ ಮೈಕಿನಲ್ಲಿ ನನ್ನ ದನಿ ಅವನ ಕಿವಿಗೆ ಹೋಗುತ್ತದೆ, ಅವನ ಉಸಿರು ನನ್ನ ಕಿವಿಗೆ ಬರುತ್ತದೆ. ಅವನು ಚೆನ್ನಾಗಿಯೇ ಓಡಿಸುತ್ತಿದ್ದ. ಕಾಲುವೆಯ ಏರಿಯಿಂದ ಇಳಿಯುವಲ್ಲಿ ಕಾರು ಅಡ್ಡಡ್ಡ ಜಾರಿತು, ಹಿಡಿದ. ಆಮೇಲೆ ಆ ಉದ್ದನೆಯ ನೇರ ಬಂತು. "ನೇರ, ಉದ್ದ. ಸಿಮೆಂಟ್. ಕೊನೆಗೆ ಬಲ ಐದು" ಎಂದೆ. ಎಂಜಿನ್ ಕೂಗತೊಡಗಿತು. ಅಲ್ಲಿ ಓದಲು ಇನ್ನೇನೂ ಇರಲಿಲ್ಲವಾದ್ದರಿಂದ ನಾನು ತಲೆ ಎತ್ತಿದೆ.

ದೂರದಲ್ಲಿ, ಬೇವಿನ ಮರಗಳ ಹಿಂದೆ, ಮೂರನೆಯ ಕಾರು ಎಬ್ಬಿಸಿದ ಕೆಂಪು ದೂಳು ಕಾಣುತ್ತಿತ್ತು. ಅದು ದೊಡ್ಡಿಯ ಹತ್ತಿರ ಕಡಿದುಹೋಗಬೇಕಿತ್ತು. ಅಲ್ಲಿ ಸಿಮೆಂಟಿದೆ, ಸಿಮೆಂಟಿನ ಮೇಲೆ ದೂಳೇಳುವುದಿಲ್ಲ. ಆದರೆ ಅಲ್ಲಿ ಏನೋ ಎದ್ದಿತ್ತು. ಕೆಂಪಲ್ಲದ್ದು, ಹಗುರಾದದ್ದು, ಹಳದಿ ಬಣ್ಣದ್ದು, ಬಿಸಿಲಿನಲ್ಲಿ ಕೆಳಗಿಳಿಯಲು ಮನಸ್ಸಿಲ್ಲದೆ ತೇಲುತ್ತಿತ್ತು. ನಾನು ಚಿಕ್ಕಂದಿನಲ್ಲಿ ಅದರ ಕೆಳಗೆ ಮೊರ ಹಿಡಿದು ನಿಂತವಳು. ಅದು ಹೊಟ್ಟು.

ನಮ್ಮ ಕಡೆ ತೊಗರಿಯನ್ನು ರಸ್ತೆಯ ಮೇಲೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾಯ್ದು ಕಾಯಿ ಒಡೆಯುತ್ತವೆ, ಮಷಿನ್ ಹಿಡಿಯುವ ಗೊಡವೆಯಿಲ್ಲ. ದಿನಕ್ಕೆ ಒಂದೆರಡು ಟ್ರ್ಯಾಕ್ಟರು ಬರುವ ದೊಡ್ಡಿಯವರಿಗೆ, ಒಂದೇ ಬೆಳಿಗ್ಗೆ ದಪ್ಪ ಗಾಲಿಯ ಮೂವತ್ತು ಗಾಡಿಗಳು ಬರುತ್ತವೆ ಎಂದು ನಾನೇ ಹೇಳಿದ್ದೆ. ಕೆಂಪು ದೀಪದ ಜೀಪು ದಾಟುವುದನ್ನೇ ಕಾದು ಅವರು ಹಾಸಿದ್ದರು.

"ಯಣ್ಣಾ, ತಡಿ! ಮುಂದ ತೊಗರಿ ಹಾಸ್ಯಾರ!"

ಅವನ ಉಸಿರು ಬದಲಾಗಲಿಲ್ಲ.

"ಯಣ್ಣಾ! ಮೆತ್ತಗ ಹಚ್ಚು!"

"ಓದು!" ಎಂದ. ಅಷ್ಟೇ. ನನ್ನ ಮಾತು ಅವನಿಗೆ ಕೇಳಿಸಿತ್ತು, ಆದರೆ ಮಾತಾಗಿ ಕೇಳಿಸಿರಲಿಲ್ಲ. ಅವನ ಹತ್ತಿರ ಅದನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಒಣಗಿದ ತೊಗರಿ ಕಾಳು ಸಿಮೆಂಟಿನ ಮೇಲೆ ಗೋಲಿಯ ಹಾಗೆ. ಅದರ ಮೇಲೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ನನಗೆ ಈಗ ಹಳದಿ ಹಾಸು ಕಾಣುತ್ತಿತ್ತು. ಅದರ ನಡುವೆ, ನಮ್ಮ ಕಡೆ ಬೆನ್ನು ಮಾಡಿ, ಕಟ್ಟಿಗೆ ಮಗುಚಿ ಹಾಕುತ್ತಿದ್ದ ಒಬ್ಬಳು ಕಾಣುತ್ತಿದ್ದಳು.

ಆಗ ನಾನು ಕೂಗುವುದನ್ನು ಬಿಟ್ಟೆ. ಹಾಳೆ ಓದುವ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದೆ.

"ಬಲ ಒಂದು."

ಅವನ ಕಾಲು ಆ ಕ್ಷಣವೇ ಬ್ರೇಕಿಗೆ ಹೋಯಿತು. ಅಲ್ಲಿ ಬಲಕ್ಕೆ ಯಾವ ತಿರುವೂ ಇರಲಿಲ್ಲ, ಬರೀ ಹೊಲವಿತ್ತು. ಅದು ಅವನ ಕಣ್ಣಿಗೆ ಕಾಣಬೇಕಿತ್ತು. ಆದರೂ ಒತ್ತಿದ. ಮಣ್ಣಿನ ಮೇಲೇ ಕಾರಿನ ವೇಗ ಬಹುಪಾಲು ಸತ್ತಿತು. ಉಳಿದದ್ದರಲ್ಲಿ ಅದು ಸಿಮೆಂಟಿಗೆ ಏರಿ, ತೊಗರಿಯ ಮೇಲೆ ಸದ್ದಿಲ್ಲದೆ, ಅಂಬಿಗನಿಲ್ಲದ ದೋಣಿಯ ಹಾಗೆ ಅಡ್ಡ ತಿರುಗುತ್ತ ಹೋಯಿತು. ಮುದುಕಿ ತಿರುಗಿ ನೋಡಿದಳು. ಕವೆಕೋಲು ಅಡ್ಡ ಹಿಡಿದಳು, ದನವನ್ನು ತಡೆಯುವವರ ಹಾಗೆ. ಕಾರು ನಿಂತಾಗ ನನ್ನ ಕಡೆಯ ಬಾಗಿಲು ಅವಳ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರವಿತ್ತು.

ಮೊದಲು ಬಾಯಿ ಬಂದದ್ದು ಅವಳಿಗೇ.

"ಯಾಕ ನಿಂತಿ ಮಗನ? ಮದ್ಲಿನಂವ ಮೆತ್ತಗ ಹೋದ, ನೀ ಪೂರಾ ನಿಂತೇ ಬಿಟ್ಟಿ. ನಿಂತ್ರ ಕಾಯಿ ತಾವಾಗೇ ಒಡೀತಾವೇನು?"

ಕಾರಿನ ಕೆಳಗಿನಿಂದ ಹೊಗೆ ಬರತೊಡಗಿತು. ಕಾದ ಸೈಲೆನ್ಸರಿಗೆ ಒಣ ಕಟ್ಟಿಗೆ ತಾಗಿತ್ತು. "ಉರಿ ಹತ್ತಾಕತ್ತದ, ಮುಂದ ತಗಿ, ಮುಂದ ತಗಿ" ಎಂದು ಜನ ಎರಡೂ ಕಡೆಯಿಂದ ಓಡಿಬಂದು ನೂಕಿದರು. ಯಾರೋ ಕೊಡದ ನೀರು ಸುರಿದರು. ರಸ್ತೆಯಂಚಿನ ಬೇವಿನ ಬುಡದಲ್ಲಿ ಮೂರನೆಯ ಕಾರಿನ ಪಕ್ಕದ ಕನ್ನಡಿ ಬಿದ್ದಿತ್ತು. ಮರಕ್ಕೆ ಅಷ್ಟು ಹತ್ತಿರ ಜಾರಿ ಹೋಗಿದ್ದರು ಅವರು. ಅವರು ಹೋದಾಗ ಮುದುಕಿ ರಸ್ತೆಯ ಮೇಲಿರಲಿಲ್ಲ. ಅವರ ಗಾಲಿ ಮಗುಚಿದ್ದನ್ನು ಸರಿಮಾಡಲೆಂದೇ ಅವಳು ಇಳಿದಿದ್ದಳು.

ನಮ್ಮ ಹಿಂದೆ ಕಾರು ಬರಲಿಲ್ಲ. ಮೊದಲು ಹೋದವರು ಕೊನೆ ಮುಟ್ಟಿದ ಕೂಡಲೇ ತೊಗರಿಯ ಸುದ್ದಿ ಹೇಳಿ ದಾರಿ ನಿಲ್ಲಿಸಲು ಹೇಳಿದ್ದರಂತೆ. ಮಾತು ಹೊರಡುವ ಜಾಗಕ್ಕೆ ಮುಟ್ಟುವಷ್ಟರಲ್ಲಿ ನಾವು ಬಿಟ್ಟಾಗಿತ್ತು. ಆ ದಾರಿಯ ಓಟವನ್ನೇ ರದ್ದು ಮಾಡಿದರು, ಯಾರ ಸಮಯವೂ ಲೆಕ್ಕಕ್ಕೆ ಬರಲಿಲ್ಲ.

ಶಾಮಿಯಾನದ ಕೆಳಗೆ ಅಣ್ಣ ಹೆಲ್ಮೆಟ್ಟನ್ನು ಮೇಜಿಗೆ ಬಡಿದ.

"ತಪ್ಪು ಓದಿದಿ ನೀನು."

"ತಪ್ಪು ಓದಿಲ್ಲ. ಬೇಕಂತನ ಹೇಳಿದೆ."

"ಹಾಳ್ಯಾಗ ಬಲ ಒಂದು ಎಲ್ಲದ? ತೋರಿಸು."

"ಹಾಳ್ಯಾಗ ಮುದುಕಿನೂ ಇದ್ದಿಲ್ಲ."

"ಮೂರನೇ ಗಾಡಿಯವ ಕಾಲ ಎತ್ತದ ಹೋದ್ನಲ್ಲ? ನಾ ಹೋಗ್ತಿದ್ದಿಲ್ಲೇನು? ಅವನಕಿಂತ ನಾ ಕಡಿಮಿ ಏನು?"

"ಒಂದು ಮಾತು ಕೇಳ್ತೀನಿ, ಖರೇ ಹೇಳು" ಎಂದೆ. "ಆ ಯವ್ವನ್ನ ನೀ ಯಾವಾಗ ನೋಡಿದಿ?"

ಸುಳ್ಳು ಹೇಳುವ ಸ್ವಭಾವ ಅವನದಲ್ಲ. "ಗಾಡಿ ನಿಂತ ಮ್ಯಾಲ" ಎಂದ. ಎಂದವನೇ ಎದ್ದು ಆಚೆ ಹೋದ.

ಕಾಫಿ ಸೀಮೆಯವರು ಇದನ್ನೆಲ್ಲ ಕೇಳುತ್ತ ಪಕ್ಕದಲ್ಲಿ ಮಿರ್ಚಿ ಬಜಿ ತಿನ್ನುತ್ತಿದ್ದರು. ಖಾರಕ್ಕೆ ಕಣ್ಣಲ್ಲಿ ನೀರು. ನಾನು ಕೇಳಿದೆ: ನಿಮ್ಮ ಮುಂದೆ ಯಾರ ಕಾರೂ ಇರಲಿಲ್ಲ, ಹೊಟ್ಟೂ ಹಾರಿರಲಿಲ್ಲ, ನೀವು ಹೇಗೆ ಮೆತ್ತಗೆ ಹೋದಿರಿ?

"ನಿನ್ನೆ ದಾರಿ ನೋಡೋಕೆ ಬಂದಾಗ ಅಲ್ಲಿ ತೊಗರಿ ಕಟ್ಟುಗಳು ಮನೆ ಹತ್ರ ಇರ್ಲಿಲ್ಲ. ರಸ್ತೆ ಅಂಚಲ್ಲಿ, ಎರಡೂ ಕಡೆ ಇದ್ವು. ಬೇರೆಲ್ಲ ಕಡೆ ಹೊಲದಲ್ಲಿದ್ವು. ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗದ ಕಡೆ ನಾನು ಸ್ವಲ್ಪ ಕಾಲು ಎತ್ತಿಬಿಡ್ತೀನಿ."

"ಅದಕ್ಕ ಸಮಯ ಹೋಗ್ತದಲ್ರಿ."

"ಹೋಗತ್ತೆ. ಬೇರೆ ಕಡೆ ತಗೋತೀನಿ." ಕೈ ಒರೆಸಿಕೊಂಡು ಅವರು ಅಣ್ಣ ಹೋದ ಕಡೆ ನೋಡಿದರು. "ಅವರು ಹಾಳೆಗೆ ಅಷ್ಟು ಬೇಗ ಬ್ರೇಕ್ ಹಾಕಿದ್ರಲ್ಲ, ಅದು ದೊಡ್ಡ ಕೈ. ಎಲ್ಲರಿಗೂ ಬರಲ್ಲ. ಇವತ್ತು ನೀವು ತಲೆ ಎತ್ತಿದ್ರಿ, ಅಷ್ಟೇ."

ಅದನ್ನು ಅವರು ಹೊಗಳಿಕೆಯಾಗಿ ಹೇಳಲಿಲ್ಲ, ನಾನೂ ಹಾಗೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಇನ್ನೊಂದು ದಾರಿಯ ಓಟವಿತ್ತು. ಹೊರಡುವ ಗೆರೆಯ ಹತ್ತಿರ ನಾನು ಅಣ್ಣನಿಗೆ ಹೇಳಿದೆ, ನಾನು ಹಾಳೆಯಲ್ಲಿ ಇಲ್ಲದ್ದನ್ನು ಹೇಳಿದರೂ ನೀನು ಕೇಳುತ್ತೀಯಾ ಎಂದು. ಅವನು ಮುಂದೆ ನೋಡುತ್ತಲೇ "ಬರದದ್ದನ್ನ ಓದು ನೀನು. ಗಾಡಿ ನನಗ ಬಿಡು" ಎಂದ. ನಾನು ಬೆಲ್ಟು ಬಿಚ್ಚಿ ಇಳಿದೆ. ಇಬ್ಬರಿಲ್ಲದೆ ಕಾರು ಬಿಡುವುದಿಲ್ಲವಾದ್ದರಿಂದ ಅಂದು ಅವನ ಓಟ ಅಲ್ಲಿಗೆ ಮುಗಿಯಿತು. ರಾಯಚೂರಿಗೆ ಮರಳುವ ದಾರಿಯಲ್ಲಿ ಕಲ್ಮಲ ದಾಟಿದೆವು. ಆಮೇಲೆ ಅವನು ಅಂದದ್ದು ಇಷ್ಟೇ: "ಪರೀಕ್ಷೆಗೆ ಹೊತ್ತಾದಾಗ ಜೋರು ಹೊಡಿ ಅಂತಿದ್ದಿ. ಆಗ ಅಂಜಿಕಿ ಇದ್ದಿಲ್ಲ ನಿನಗ."

ಅದು ನಿಜ. ಆಗ ಅಂಜಿಕೆಯಿರಲಿಲ್ಲ. ಆಗ ನಾನು ಅವನ ಕೈಯನ್ನು ನೋಡುತ್ತಿದ್ದೆ, ಕಣ್ಣನ್ನು ನೋಡಿರಲಿಲ್ಲ.

ಈಗ ನೋಡುತ್ತೇನೆ. ವಾರಕ್ಕೊಮ್ಮೆ ಊರಿಗೆ ಹೋಗುವಾಗ ಅವನ ಜೀಪಿನಲ್ಲೇ ಹೋಗುತ್ತೇನೆ. ಹಿಂದೆ ಹತ್ತಿ ಬಿಡಿಸಲು ಹೊರಟ ಹೆಂಗಸರು ತುಂಬಿರುತ್ತಾರೆ, ಹಾಡಿಕೊಳ್ಳುತ್ತಿರುತ್ತಾರೆ. ಖಾಲಿ ರಸ್ತೆಯಲ್ಲಿ ಅವನು ನಿಧಾನ ಹೋಗುವಾಗ ಅವನ ಕಣ್ಣು ಎಲ್ಲ ಕಡೆ ಹರಿದಾಡುತ್ತದೆ. ಕುರಿ, ಎಮ್ಮೆ, ಗುರುತಿನವರ ಬೈಕು, ಎಲ್ಲ ಕಾಣುತ್ತದೆ, ಕೈ ಎತ್ತಿ ಮಾತಾಡಿಸುತ್ತಾನೆ. ವೇಗ ಏರಿದಂತೆ ಆ ಕಣ್ಣು ಬಿಗಿಯುತ್ತ, ಬಿಗಿಯುತ್ತ ಬಾನೆಟ್ಟಿನ ಮುಂದಿನ ತುಂಡು ನೆಲಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವನನ್ನು ಮಾತಾಡಿಸಿದರೆ ಹೂಂ ಎನ್ನುತ್ತಾನೆ, ಕೇಳಿಸಿರುವುದಿಲ್ಲ. ಹಿಂದಿನ ಹೆಂಗಸರಿಗೆ ಇದು ಗೊತ್ತಿಲ್ಲ. "ನಿಮ್ಮಣ್ಣನ ಗಾಡಿ ಅಂದ್ರ ಗಾಳಿ ಬಿಡವ್ವ" ಎನ್ನುತ್ತಾರೆ ನನಗೆ, ಸಂತೋಷದಿಂದ.

ಬರುವ ಭಾನುವಾರ ಮಾನ್ವಿಯ ಕಡೆ ಕಾಲುವೆ ದಾರಿಯಲ್ಲಿ ಮತ್ತೊಂದು ರ‍್ಯಾಲಿ ಇದೆ. ಅಣ್ಣ ಹೆಸರು ಕೊಟ್ಟಿದ್ದಾನೆ. ನನ್ನನ್ನು ಕೇಳಲಿಲ್ಲ. ನಿನ್ನೆ ಸಂಜೆ ರಾಯಚೂರಿನ ನನ್ನ ಮನೆಗೆ ಬಂದ, ಜೊತೆಗೆ ಮಾನ್ವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವನ ಗೆಳೆಯ. ಕಬಡ್ಡಿ ಪಂದ್ಯಗಳಿಗೆ ಮೈಕಿನಲ್ಲಿ ಕಾಮೆಂಟರಿ ಹೇಳುತ್ತಾನಂತೆ, ಗಂಟೆಯಂಥ ಗಂಟಲು. ಇವನೇ ಇನ್ನು ಮುಂದೆ ಓದುವವನು. ನನ್ನ ಹೆಲ್ಮೆಟ್ಟನ್ನು ಒಯ್ಯಲು ಬಂದಿದ್ದರು.

ಹೆಲ್ಮೆಟ್ಟು ಕೊಟ್ಟೆ. ಹಾಕಿಕೊಂಡು ನೋಡಿದ, ಸ್ವಲ್ಪ ಬಿಗಿ. "ಅಕ್ಕಾರ, ನಿಮ್ಮ ತಲಿ ಸಣ್ಣದು, ಬುದ್ಧಿ ಮಾತ್ರ ದೊಡ್ಡದು ಬಿಡ್ರಿ" ಎಂದು ನಗಿಸಲು ನೋಡಿದ. ಮದುವೆಯಾಗಿ ವರ್ಷ ತುಂಬಿಲ್ಲ, ಕಿರುಬೆರಳಿಗೆ ಇನ್ನೂ ಹೊಸ ಉಂಗುರ. ನಾನು ಅವನಿಗೆ ನೇರವಾಗಿ ಹೇಳಿದೆ.

"ನೋಡ್ರಿ, ಓದೂದು ಯಾರಾದ್ರೂ ಓದ್ತಾರ. ನೇರ ದಾರಿ ಬಂದಾಗ ತಲಿ ಎತ್ತಿ ಹೊರಗ ನೋಡ್ರಿ. ಏನರ ಕಂಡ್ರ, ಬಾಯಿಗೆ ಬಂದಂಗ ಕೂಗಬ್ಯಾಡ್ರಿ, ಅವಗ ಕೇಳಂಗಿಲ್ಲ. ತಿರುವಿನ ನಂಬರ್ ಹೇಳ್ರಿ. ಇಲ್ಲದ ತಿರುವಾದ್ರೂ ಹೇಳ್ರಿ. ಅದೊಂದೇ ಕೇಳ್ತದ ಅವಗ."

ಗೆಳೆಯ ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದ.

"ಅದೇನೂ ಮಾಡಂಗಿಲ್ಲ ಇವ" ಎಂದ ಅಣ್ಣ. "ಇವ ಬರೇ ಓದ್ತಾನ. ಚಲೋ ಓದ್ತಾನ. ಓದಿ ತೋರಸಲೇ ಅಕ್ಕಗ."

ಗೆಳೆಯ ಅಭ್ಯಾಸಕ್ಕೆಂದು ತಂದ ಹಳೆಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ. ಅಣ್ಣ ನನ್ನ ಸೋಫಾದ ಅಂಚಿಗೆ ಸರಿದು, ಕಣ್ಣು ಮುಚ್ಚಿ, ಎರಡೂ ಕೈಯನ್ನು ಮುಂದೆ ಹಿಡಿದ. ಓದು ಶುರುವಾಯಿತು. ಎಡ ಮೂರು, ಬಲ ಎರಡು, ಏರು. ದನಿಯಲ್ಲಿ ಒಂದು ತಡವರಿಕೆಯಿಲ್ಲ. ನಾನು ಎದುರಿಗೆ ನಿಂತು ಕೈ ಬೀಸಿದೆ, ಇಬ್ಬರಲ್ಲಿ ಒಬ್ಬರಾದರೂ ನೋಡುತ್ತಾರೇನೋ ಎಂದು. ಪ್ರತಿ ತಿರುವಿಗೂ ಅಣ್ಣನ ಬಲಗಾಲು ನನ್ನ ಮನೆಯ ಬಂಡೆ ನೆಲದ ಮೇಲೆ ಏಳುತ್ತ ಬೀಳುತ್ತ ಇತ್ತು.

"ನೇರ, ಉದ್ದ" ಎಂದ ಗೆಳೆಯ, ಹಾಳೆ ತಿರುವುತ್ತ.

ಅಣ್ಣನ ಕಾಲು ಕೆಳಗೆ ಹೋಯಿತು. ಮುಂದಿನ ಹಾಳೆ ಬರುವವರೆಗೂ ಅಲ್ಲೇ ಇತ್ತು.